ಜರ್ಮನ್ ಮುನಿಕೃಷ್ಣನ ಕೊನೆಯ ಗೋಲು

ಮುನಿಕೃಷ್ಣನಿಗೆ ಸಾಕಾಗಿತ್ತು. ಅವನ ಮೊಣಕಾಲಿಗಂತೂ ಅವನಿಗಿಂತ ಮೊದಲೇ ಸಾಕಾಗಿತ್ತು. ವಾರವೆಲ್ಲ ಕೋಲಾರದ ಮಂಡಿಯಲ್ಲಿ ಟೊಮೇಟೊ ಕ್ರೇಟು ಇಳಿಸಬೇಕು, ಭಾನುವಾರ ಬಂತೆಂದರೆ ಯಾವುದೋ ಊರಿನ ಬಯಲಿನಲ್ಲಿ ಫುಟ್‌ಬಾಲಿನ ಹಿಂದೆ ಓಡಬೇಕು. ನಲವತ್ತರ ಹತ್ತಿರ ಬಂದ ಮನುಷ್ಯನಿಗೆ ಇದೆಲ್ಲ ಬೇಕಾ? ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ತಂಡಕ್ಕೆ ಫಾರ್ವರ್ಡ್ ಬೇಕಾದರೂ ಮೊದಲು ಅವನ ಫೋನೇ ಬಡಿದುಕೊಳ್ಳುತ್ತಿತ್ತು. ಅವನ ನಾಲಿಗೆಗೋ, ಇಲ್ಲ ಅನ್ನುವ ಮಾತೇ ಹೊರಳುತ್ತಿರಲಿಲ್ಲ.

ಎಲ್ಲರೂ ಅವನನ್ನು ಜರ್ಮನ್ ಮುನಿಕೃಷ್ಣ ಎನ್ನುತ್ತಿದ್ದರು. ಜರ್ಮನಿ ಹಾಗಿರಲಿ, ಆಂಧ್ರದ ಗಡಿ ದಾಟಿ ಪಲಮನೇರಿನಿಂದ ಆಚೆ ಹೋದವನೂ ಅಲ್ಲ. ಹರೆಯದಲ್ಲಿ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಟಿವಿಯಲ್ಲಿ ಒಂದು ಪಂದ್ಯ ನೋಡಿದ್ದ. ಜರ್ಮನಿಯ ಫಾರ್ವರ್ಡ್ ಒಬ್ಬ ಗೋಲು ಹೊಡೆದು, ಕುಣಿಯದೆ, ಕೂಗದೆ, ಎದುರು ತಂಡದ ಜನರತ್ತ ಕೈ ಮುಗಿದು ತಲೆ ತಗ್ಗಿಸಿ ನಡೆದುಬಿಟ್ಟ. "ಅದು ಅವನ ಹಳೇ ಟೀಮು ಕಣೋ. ಊರೂರು ತಿರುಗಿ ಆಡಿದೋನು. ಅನ್ನ ಹಾಕಿದೋರ ಮುಂದೆ ಕುಣಿಯಲ್ಲ," ಎಂದು ಮೇಸ್ತ್ರಿ ಕದಿರೇಶ ಬಿಡಿಸಿ ಹೇಳಿದ. ಆ ಮಾತು ಮುನಿಕೃಷ್ಣನ ಎದೆಯಲ್ಲಿ ಕೂತುಬಿಟ್ಟಿತು.

ಕೂತದ್ದೇ ತಪ್ಪಾಯಿತು ನೋಡಿ. ಜರ್ಮನಿಯವನಿಗೆ ಹಳೆಯ ತಂಡ ಎಂದರೆ ನಾಲ್ಕೋ ಐದೋ ಇದ್ದಾವು. ನಮ್ಮ ಕಡೆ ಹೊರಗಿನ ಆಟಗಾರನನ್ನು ಕರೆಸಿದರೆ ಕ್ಯಾಪ್ಟನ್ ಮನೆಯಲ್ಲಿ ಕೂರಿಸಿ ಮುದ್ದೆ, ಕೋಳಿಸಾರು ಬಡಿಸದೆ ಕಳಿಸುವುದುಂಟೇ? ಮಾಲೂರಿನ ಕಾರ್ಖಾನೆ ಹುಡುಗರ ಮನೆಯಲ್ಲಿ ಉಂಡ, ನಂಗಲಿಯ ಲಾರಿ ಡ್ರೈವರುಗಳ ಮನೆಯಲ್ಲಿ ಉಂಡ, ಗೌನಿಪಲ್ಲಿಯ ಮಾವಿನ ತೋಟದವರ ಮನೆಯಲ್ಲಿ ಉಂಡ. ಉಂಡ ಊರಿನ ಮುಂದೆ ಕುಣಿಯಬಾರದು. ಕೊನೆಗೆ ಕುಣಿಯಲು ಊರೇ ಉಳಿಯಲಿಲ್ಲ. ಅಷ್ಟೊಂದು ಗೋಲು ಹೊಡೆದವನು ಒಂದಕ್ಕಾದರೂ ಕೈ ಮೇಲೆತ್ತಿದ್ದಿಲ್ಲ.

ಹೆಂಡತಿ ಸುನಂದಳಿಗೆ ಇದು ನುಂಗಲಾರದ ತುತ್ತು. ಮದುವೆಯಾದಾಗಿನಿಂದ ಅವನ ಜೆರ್ಸಿಯ ಕೆಮ್ಮಣ್ಣು ಉಜ್ಜಿ ಉಜ್ಜಿ ಅವಳ ಕೈ ಸೋತಿತ್ತು. "ಗೋಲ್ ಹೊಡ್ದು ತಪ್ಪು ಮಾಡ್ದೋರ ಥರ ನಿಂತ್ಕೊಳ್ಳೋರನ್ನ ನಿಮ್ಮೊಬ್ರನ್ನೇ ಕಣ್ರೀ ನಾನು ನೋಡಿದ್ದು," ಎನ್ನುತ್ತಿದ್ದಳು. "ಒಂದ್ಸಲ, ಒಂದೇ ಒಂದ್ಸಲ ನೀವು ಖುಷಿಯಾಗಿ ಕುಣಿಯೋದು ನೋಡ್ಬೇಕು. ಆಮೇಲೆ ಬಿಟ್ಬಿಡಿ ಈ ಆಟ."

ಆ ಅವಕಾಶ ಬಂದದ್ದು ವಕ್ಕಲೇರಿಯಲ್ಲಿ. ಅಲ್ಲಿನ ಹಾಲಿನ ಡೇರಿ ಹುಡುಗರು ಹೊಸದಾಗಿ ತಂಡ ಕಟ್ಟಿ, ಪಂದ್ಯಾವಳಿ ಇಟ್ಟು, ತಾವೇ ಫೈನಲಿಗೂ ಬಂದಿದ್ದರು. ಎದುರಿಗೆ ಗೌನಿಪಲ್ಲಿ ತಂಡ, ಅದರ ಫಾರ್ವರ್ಡ್ ಮುನಿಕೃಷ್ಣ. ವಕ್ಕಲೇರಿಯಲ್ಲಿ ಅವನು ಒಂದು ತುತ್ತೂ ಉಂಡಿರಲಿಲ್ಲ. ಇದೇ ಕೊನೆಯ ಆಟ, ಗೋಲು ಬಿದ್ದರೆ ಕೈ ಚಾಚಿ ಬಯಲೆಲ್ಲ ಓಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ಅವಳೂ ಒಳ್ಳೆಯ ಸೀರೆ ಉಟ್ಟು ಜೊತೆಗೆ ಹೊರಟಳು.

ಊರಿನವರು ಎರಡೂ ತಂಡಗಳನ್ನು ಊಟಕ್ಕೆ ಕರೆದರು. ಮುನಿಕೃಷ್ಣ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ, ಹುಣಸೆಮರದ ಕೆಳಗೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂದ. ಬಾಟಲಿಯ ನೀರೂ ಮನೆಯದೇ.

ಬಿಸಿಲೆಂದರೆ ಬಿಸಿಲು! ಅರ್ಧ ಆಟ ಮುಗಿಯುವಷ್ಟರಲ್ಲಿ ಬಾಟಲಿ ಖಾಲಿ, ಮೊಣಕಾಲು ಊದಿತ್ತು, ಗಂಟಲು ಒಣಗಿತ್ತು. ಗೋಲು ಇನ್ನೂ ಯಾರಿಗೂ ಬಂದಿರಲಿಲ್ಲ. ಮುಖದ ಮೇಲೆ ಟವೆಲು ಹಾಕಿಕೊಂಡು ಬಿದ್ದಿದ್ದವನ ಕೈಗೆ ಸುನಂದ ಒಂದು ಚೊಂಬು ಕೊಟ್ಟಳು. ತಣ್ಣನೆಯ ಮಜ್ಜಿಗೆ. ಗಟಗಟನೆ ಕುಡಿದು ಬರಿದು ಮಾಡಿದ ಮೇಲೆ ಕೇಳಿದ, "ಎಲ್ಲಿತ್ತೇ ಇದು?"

"ಅದೋ, ಅಲ್ಲಿ ಕೊಡ ಇಟ್ಕೊಂಡು ಕೂತಿದ್ದಾರಲ್ಲ, ಆದಿಲಕ್ಷ್ಮಮ್ಮ ಅಂತೆ. ಆ ಟೀಮಿನ ಗೋಲ್‌ಕೀಪರ್ ತಾಯಿ..." ಎಂದವಳು ಅಲ್ಲಿಗೇ ನಿಂತಳು. ವಕ್ಕಲೇರಿಯವರ ಮಜ್ಜಿಗೆ! "ಅಯ್ಯೋ, ನನ್ ಬುದ್ಧಿಗಿಷ್ಟು ಬೆಂಕಿ ಹಾಕ!"

ಮುನಿಕೃಷ್ಣ ಬೈಯಲಿಲ್ಲ. ಬೈಯಲೂ ಶಕ್ತಿ ಬೇಕಲ್ಲ. "ಹೋಗ್ಲಿ ಬಿಡು," ಎಂದು ಚೊಂಬನ್ನು ಅವಳ ಕೈಗಿಟ್ಟು ಕುಂಟುತ್ತಾ ಬಯಲಿಗಿಳಿದ.

ಗೋಲು ಬಂತು. ಆಟ ಇನ್ನೇನು ಮುಗಿಯಬೇಕು, "ಅನ್ನಾ, ಒಕ್ಕ ಗೋಲನ್ನಾ!" ಎಂದು ಗೌನಿಪಲ್ಲಿ ಹುಡುಗರು ಒಂದೇ ಒಂದು ಗೋಲಿಗಾಗಿ ತೆಲುಗಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾರೆ, ಬಲಗಡೆಯಿಂದ ತೇಲಿ ಬಂದ ಚೆಂಡಿಗೆ ಅವನು ತಲೆ ಕೊಟ್ಟ. ಕೀಪರ್ ಹಾರಿದ, ಸಿಗಲಿಲ್ಲ. ಮುನಿಕೃಷ್ಣನ ಎರಡೂ ಕೈ ಮೇಲೆದ್ದವು. ಭುಜದ ಮಟ್ಟಕ್ಕೆ ಬರುವ ಮೊದಲೇ ಗೆರೆಯಾಚೆ ಕೊಡದ ಪಕ್ಕ ಕೂತಿದ್ದ ಮುದುಕಿ ಕಣ್ಣಿಗೆ ಬಿದ್ದಳು. ಕೈಗಳು ತಾವಾಗಿಯೇ ಎದೆಯ ಮುಂದೆ ಕೂಡಿಕೊಂಡವು. ಸುನಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತನ್ನ ಕೈಯಾರೆ ಕೆಡಿಸಿದೆನಲ್ಲ ಎಂಬ ಸಂಕಟ ಅವಳಿಗೆ.

ಆದಿಲಕ್ಷ್ಮಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಯಾಕಮ್ಮಾ ನಿನ್ ಗಂಡ ನಂಗೆ ಕೈ ಮುಗೀತಾನೆ?" ಎಂದು ಸುನಂದಳನ್ನೇ ಕೇಳಿದಳು. ಸುನಂದ ಅಳುತ್ತಾ ಎಲ್ಲವನ್ನೂ ಹೇಳಿದಳು. ಮುದುಕಿ ಕೆನ್ನೆಗೆ ಕೈ ಕೊಟ್ಟಳು. "ಒಳ್ಳೇ ಗಂಡ ಕಣಮ್ಮಾ! ಬಾಯಾರ್ದೋರಿಗೆ ಕೊಟ್ಟ ಮಜ್ಜಿಗೆಗೂ ಋಣ ಅಂತ ಇರ್ತದಾ? ಕುಣೀಲಿ ಅಂತ ಹೇಳು ಹೋಗು. ನನ್ ಮಗ ಇವತ್ತು ಸೋತ್ರೆ ನಾಳೆ ಆಡ್ತಾನೆ. ಇವನಿಗೆ ನಾಳೆ ಎಲ್ಲೈತೆ?"

ಅಷ್ಟರಲ್ಲಿ ಆಟ ಮುಗಿದೇ ಹೋಗಿತ್ತು. ಜನ ಚದುರಿದರು, ಗೌನಿಪಲ್ಲಿ ಹುಡುಗರು ಕಪ್ಪು ಹಿಡಿದು ಕೂಗುತ್ತಾ ಟೆಂಪೋ ಹತ್ತಿದರು. ಗಂಡ ಹೆಂಡತಿ ಕೋಲಾರದ ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯಲ್ಲಿ ನಿಂತರು. ಸುನಂದ ಮುದುಕಿಯ ಮಾತನ್ನು ಆಗ ಅವನಿಗೆ ಒಪ್ಪಿಸಿದಳು. ಅವನು ರಸ್ತೆಯ ಎರಡೂ ಕಡೆ ನೋಡಿದ.

"ಈಗ ಯಾರಿಗೋಸ್ಕರ ಕುಣೀಲೇ? ಯಾರವ್ರೆ ಇಲ್ಲಿ?"

"ನಾನಿಲ್ವಾ?"

ಮುನಿಕೃಷ್ಣ ಚೀಲ ಕೆಳಗಿಟ್ಟ. ಆ ಖಾಲಿ ರಸ್ತೆಯ ಅಂಚಿನಲ್ಲಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಬಾಯ್ತೆರೆದು "ಗೋಲ್!" ಎಂದು ಕೂಗಿ ಓಡಿದ. ಓಟವೆಲ್ಲಿ ಬಂತು, ಕುಂಟಾಟ. ಸುನಂದ ಚಪ್ಪಾಳೆ ತಟ್ಟಿ ನಕ್ಕಳು, ನಗುತ್ತಲೇ ಅತ್ತಳು.

ತಿರುವಿನಲ್ಲಿ ಬಂದ ಬಸ್ಸು ಕಿರ್ರೆಂದು ನಿಂತಿತು. "ಒಂದ್ ಕೈ ತೋರ್ಸಿದ್ರೆ ಸಾಕು ಕಣಯ್ಯಾ, ನಿಲ್ಲಿಸ್ತೀವಿ! ಹತ್ತು ಹತ್ತು," ಎಂದು ಕಂಡಕ್ಟರ್ ರೇಗಿದ.

ಮುನಿಕೃಷ್ಣ ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಹತ್ತಿದ. ಅವಳು ಅವನ ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲೇ ಸೀಟಿಗೆ ಒರಗಿ ನಿದ್ದೆ ಹೋಗಿದ್ದ.