ಚಂದಾ ಮಾಸ್ತರು

ತೆಲುಗು ಸೀಮೆಯ ಉಪ್ಪಲ್‌ನಲ್ಲಿ ಕನ್ನಡದ ಮನೆಗಳನ್ನು ಹುಡುಕಿಕೊಂಡು ಬರುತ್ತಿದ್ದವರು ಒಬ್ಬ ನಿವೃತ್ತ ಮಾಸ್ತರು ಮಾತ್ರ. ಒಂದು ಸಣ್ಣ ಮಾಸಪತ್ರಿಕೆಗೆ ಚಂದಾದಾರರನ್ನು ಮಾಡಿಸುತ್ತಿದ್ದರು. ಚಪ್ಪಲಿ ಕೆಳಗೇ ಬಿಟ್ಟು ಮೂರು ಮಹಡಿ ಬರಿಗಾಲಲ್ಲಿ ಹತ್ತುತ್ತಿದ್ದರು. "ಓದೂದು ಆಮ್ಯಾಲಿರಲ್ರಿ, ಮನಿಗೆ ಕನ್ನಡ ಬರ್ತಿರಲಿ" ಎನ್ನುವುದು ಅವರ ಮಾತು. ಇಲ್ಲವೆನ್ನಲು ನಾಚಿಕೆಯಾಗಿ ನಾವೆಲ್ಲ ಚಂದಾ ಕೊಡುತ್ತಿದ್ದೆವು. ಪತ್ರಿಕೆ ಬಂದ ಹಾಗೆಯೇ ಕಪಾಟಿನ ಮೇಲೆ ಸೇರುತ್ತಿತ್ತು.

ಕಳೆದ ವರ್ಷ ಚಂದಾಕ್ಕೆ ಬಂದಾಗ, "ಪತ್ರಿಕಿ ಹೆಂಗ ಬರಾಕತ್ತೈತ್ರಿ?" ಎಂದು ಕೇಳಿದರು.

"ಭಾಳ ಚಲೋ ಐತ್ರಿ. ಒಂದು ಪುಟಾನೂ ಬಿಡಂಗಿಲ್ಲ," ಎಂದೆ. ಮಾತಿಗೆ ಮಾತು ಸೇರಿಸಲು, "ಮನ್ಯಾಗ ಅಮ್ಮಾರು ಆರಾಮ ಅದಾರಲ್ರಿ?" ಎಂದೂ ಕೇಳಿದೆ.

ಅವರ ಪೆನ್ನು ರಸೀದಿಯ ಮೇಲೆ ನಿಂತಿತು.

"ಹೋದ ತಿಂಗಳ ಸಂಚಿಕ್ಯಾಗ ಬರ್ದಿದ್ದೆನ್ರಿ," ಎಂದರು. ರಸೀದಿ ಪೂರ್ತಿ ಮಾಡಿ ಕೈಗಿಟ್ಟು, ಚಹಾ ಮುಗಿಸದೆ ಹೋದರು.

ಕಪಾಟಿನ ಮೇಲಿಂದ ಆ ಸಂಚಿಕೆ ತೆಗೆದು, ಸುತ್ತಿದ ಕಾಗದ ಹರಿದೆ. ತೀರಿಕೊಂಡ ಹೆಂಡತಿಯ ಫೋಟೊ, ಕೆಳಗೆ ಮಾಸ್ತರೇ ಬರೆದ ಎರಡು ಪುಟ.

ಈ ವರ್ಷ ಅವರು ನಮ್ಮ ಎದುರು ಮನೆಗೆ ಚಂದಾ ಕೇಳಲು ಬಂದರು. ದನಿ ಕೇಳಿ ನಾನು ಬಾಗಿಲು ತೆರೆದು ನಿಂತೆ. ನನ್ನನ್ನು ಕಂಡು ಮಾಸ್ತರು ಕೈಮುಗಿದರು. ಚಂದಾ ಮಾತ್ರ ಕೇಳದೆ ಮೆಟ್ಟಿಲಿಳಿದು ಹೋದರು.