ಕಳ್ಳನ ಕೋಟು ಹಾಕುತ್ತಿದ್ದ ಗೇಟಮ್ಮ

ನಮ್ಮ ಶಿಶುವಿಹಾರದ ಗೇಟು ಕಾಯುತ್ತಿದ್ದ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಕಾಂಪೌಂಡಿನೊಳಗೆ ದುಡಿದೆವು, ಅವಳು ಗೇಟಿನಲ್ಲಿ, ನಾನು ಅಡುಗೆಕೋಣೆಯಲ್ಲಿ. ನೆಟ್ಟಗೆ ಮಾತಾಡಿದ್ದು ಹದಿನಾಲ್ಕು ಸಲವೂ ಇರಲಿಕ್ಕಿಲ್ಲ. ಮಕ್ಕಳು ಅವಳನ್ನು ಗೇಟಮ್ಮ ಅನ್ನುತ್ತಿದ್ದವು, ನನ್ನನ್ನು ಹಾಲಜ್ಜಿ. ಗುರುತಿನ ಚೀಟಿ ಮರೆತು ಬಂದರೆ ಮಗುವಿನ ಸ್ವಂತ ತಂದೆಯನ್ನೂ ಬಿಸಿಲಲ್ಲಿ ನಿಲ್ಲಿಸುವಳು. "ನಿಮ್ಮ ಮುಖ ಗೊತ್ತು ಸ್ವಾಮಿ, ಚೀಟಿ ಎಲ್ಲಿ?" ಅನ್ನುವಳು. ಅಷ್ಟು ಸೊಕ್ಕು.

ಶನಿವಾರ ಬಂತೆಂದರೆ ಅವಳ ಪಾಠ, ಮಕ್ಕಳ ಕಳ್ಳ ಬಂದರೆ ಏನು ಮಾಡಬೇಕೆಂದು. ಗಂಡನ ಹಳೇ ಕೋಟು, ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಬಿಸ್ಕತ್ತು ಹಿಡಿದು ಬರುವಳು. "ಬಾ ಪುಟ್ಟ, ನಿಮ್ಮಮ್ಮ ಕರೀತಿದ್ದಾರೆ." ಮಗು ಮೂರು ಹೆಜ್ಜೆ ಹಿಂದೆ ಸರಿದು, "ಬರಲ್ಲ" ಅಂತ ಕೂಗಿ, ಮಿಸ್ಸಿನ ಹತ್ತಿರ ಓಡಬೇಕು. ಬಿಸ್ಕತ್ತಿಗೆ ಕೈಚಾಚಿದ ಮಗುವಿಗೆ ಮಂಗಳಾರತಿಯೇ. ಅಳುತ್ತಾ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದವು.

"ಎಳೇ ಮಕ್ಕಳನ್ನ ಯಾಕೆ ಹೀಗೆ ಗೋಳು ಹೊಯ್ಕೊಳ್ತೀಯ?" ಅಂತ ಒಮ್ಮೆ ಕೇಳಿಯೇಬಿಟ್ಟೆ.

"ನೀನು ಮುದ್ದು ಮಾಡ್ಕೊಂಡಿರು. ಮುದ್ದು ಮಾಡಿದವರ ಹಿಂದೆಲ್ಲ ಹೋಗ್ಲಿ," ಅಂದಳು.

ಬರಬರುತ್ತಾ ಕೋಟಿಲ್ಲದ ದಿನವೂ ಮಕ್ಕಳು ಅವಳನ್ನು ಕಂಡರೆ ದೂರ ಸರಿಯತೊಡಗಿದವು. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಾನಂತೂ ಒಳಗೊಳಗೇ ಖುಷಿಪಟ್ಟೆ.

ಒಂದು ಮಧ್ಯಾಹ್ನ ಹಾಲು ಒಲೆಯ ಮೇಲಿಟ್ಟು, ಮಸಿಬಟ್ಟೆಯನ್ನು ಉರಿಯ ಪಕ್ಕದಲ್ಲೇ ಬಿಟ್ಟು, ಹಿತ್ತಲ ಬಾಗಿಲಾಚೆ ತರಕಾರಿಯವಳ ಜೊತೆ ಹರಟೆಗೆ ನಿಂತೆ. ಬಟ್ಟೆ ಹೊತ್ತಿಕೊಂಡಿತು, ಅದರಿಂದ ಪರದೆ. ಪಕ್ಕದ ಕೋಣೆಯಲ್ಲಿ ಒಂಬತ್ತು ಮಕ್ಕಳು ಮಲಗಿದ್ದವು. ಮಿಸ್ಸು ಫೋನು ಹಿಡಿದು ಮಹಡಿಗೆ ಹೋಗಿದ್ದಳು. ಹೊಗೆ ಮೊದಲು ಕಂಡದ್ದು ಗೇಟಮ್ಮನಿಗೆ. ಓಡಿಹೋಗಿ, "ಏಳಿ, ನನ್ನ ಜೊತೆ ಹೊರಗೆ ಬನ್ನಿ," ಅಂದಳು. ಒಂಬತ್ತೂ ಎದ್ದು ಮೂರು ಹೆಜ್ಜೆ ಹಿಂದೆ ಸರಿದು "ಬರಲ್ಲ" ಅಂತ ಕೂಗಿದವು. ಅವಳು ಕಲಿಸಿದ್ದರಲ್ಲಿ ಒಂದಿಷ್ಟೂ ತಪ್ಪಲಿಲ್ಲ. ಕೆನ್ನೆಗೆ ಬಿಗಿದು, ರಟ್ಟೆ ಹಿಡಿದು, ಇಬ್ಬಿಬ್ಬರನ್ನಾಗಿ ದರದರ ಎಳೆದು ಅಂಗಳಕ್ಕೆ ಹಾಕಿದಳು. ಮೇಜಿನ ಕೆಳಗೆ ಅಡಗಿದ್ದ ಕೊನೆಯ ಹುಡುಗಿ ರಕ್ತ ಬರುವ ಹಾಗೆ ಕೈ ಕಚ್ಚಿದಳು. ಗೇಟಮ್ಮ ಬಿಡಲಿಲ್ಲ. ಗಲಾಟೆ ಕೇಳಿ ನಾನು ಬರುವಷ್ಟರಲ್ಲಿ ಒಂಬತ್ತೂ ಅಂಗಳದಲ್ಲಿ ಕೆಮ್ಮುತ್ತಿದ್ದವು. ಅಕ್ಕಪಕ್ಕದವರು ನೀರು ಹೊಯ್ದು ಬೆಂಕಿ ಆರಿಸಿದರು.

ಮಾರನೇ ದಿನ ತಾಯಂದಿರು ದೊಡ್ಡ ಮಿಸ್ಸಿನ ಕೋಣೆಗೆ ನುಗ್ಗಿದರು. ಬೆಂಕಿ ಕರೆಂಟಿನ ವೈರಿನಿಂದ ಹತ್ತಿತೆಂದು ಅವರವರೇ ತೀರ್ಮಾನಿಸಿಯಾಗಿತ್ತು. ಅವರಿಗೆ ಬೇಕಾಗಿದ್ದದ್ದು ಕೆನ್ನೆಯ ಮೇಲಿನ ಬೆರಳ ಗುರುತಿನ ಲೆಕ್ಕ. ನಾನು ಬಾಯಿಗೆ ಬೀಗ ಹಾಕಿಕೊಂಡು ಟೀ ಹಂಚುತ್ತಿದ್ದೆ.

"ಮಕ್ಕಳಿಗೆ ಹೊಡೆದದ್ದು ನಿಜಾನಾ?" ಅಂತ ದೊಡ್ಡ ಮಿಸ್ಸು ಕೇಳಿದರು.

"ನಿಜ. ಕರೆದರೆ ಬರಲಿಲ್ಲ. ತಪ್ಪು ಅವುಗಳದ್ದಲ್ಲ, ನಂದು. ಅವು ದಿನಾ ನೋಡೋ ನಾನೇ ಕಳ್ಳನ ವೇಷ ಹಾಕಬಾರದಿತ್ತು," ಅಂದಳು ಗೇಟಮ್ಮ.

ಅವತ್ತೇ ಕೆಲಸದಿಂದ ತೆಗೆದರು. ಒಬ್ಬ ತಾಯಿಯಾದರೂ ನಿಮ್ಮಿಂದ ಮಗು ಉಳಿಯಿತು ಅನ್ನಲಿಲ್ಲ. ಬ್ಯಾಂಡೇಜಿನ ಕೈಯಲ್ಲೇ ಚೀಲ ಹಿಡಿದು ಹೊರಟವಳನ್ನು ಗೇಟಿನ ಬಳಿ ತಡೆದೆ.

"ಬೆಂಕಿ ಹತ್ತಿದ್ದು ವೈರಿಂದ ಅಲ್ಲ," ಅಂದೆ.

"ಗೊತ್ತು. ಒಲೆ ಪಕ್ಕ ನಿನ್ನ ಮಸಿಬಟ್ಟೆ ಉರೀತಿದ್ದದ್ದನ್ನ ಕಣ್ಣಾರೆ ನೋಡಿದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

ಮೇಲಿಂದ ಕೆಳಗೆ ನನ್ನನ್ನು ನೋಡಿದಳು. "ನಿನ್ನ ಮೇಲಿನ ಕನಿಕರಕ್ಕಲ್ಲ. ನೀನು ಕರೆದಿದ್ರೆ ಒಂದೇ ಮಾತಿಗೆ ಬರ್ತಿದ್ದವು. ನಿನ್ನನ್ನೂ ಓಡಿಸಿದ್ರೆ, ಇನ್ನೊಂದು ಸಲ ಅವು ಯಾರ ಹಿಂದೆ ಬರಬೇಕು?"

ತಿರುಗಿಯೂ ನೋಡದೆ ಹೋದಳು. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಕೈತೊಳೆದುಕೊಳ್ಳುತ್ತಿದ್ದೆ. ದೊಡ್ಡ ಮಿಸ್ಸಿನ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಅವರೊಬ್ಬರೇ ಇದ್ದರು. ನಾನು ಅದನ್ನು ದಾಟಿ ಅಡುಗೆಕೋಣೆಗೆ ಹೋದೆ.