ಒಳಲೋಟವಿಲ್ಲದ ಉಕ್ಕಿನ ಪಾತ್ರೆ

ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಸಹಿ ಹಾಕುವ ಮುನ್ನ ಅದರ ಪ್ರತಿಯೊಂದು ತಾರೀಖನ್ನೂ ಪ್ರಯೋಗಾಲಯದ ದಿನಚರಿಯೊಡನೆ ಹೋಲಿಸುತ್ತ ಕುಳಿತಿದ್ದೆ. ಮೂಲಂಗಿಯಲ್ಲಿರುವ ಒಂದು ಕಿಣ್ವವು ತನ್ನೊಳಗಿನ ಕಬ್ಬಿಣದ ಬಲದಿಂದ ಬಣ್ಣವಿಲ್ಲದ ದ್ರಾವಣವೊಂದನ್ನು ನೀಲಿಯಾಗಿಸಬಲ್ಲದು. ಅದೇ ಕೆಲಸ ಮಾಡುವ ತಾಮ್ರದ ಪುಡಿಯೊಂದನ್ನು ಅವಳು ತಯಾರಿಸಿದ್ದಳು. ಅದರಲ್ಲಿ ಕಬ್ಬಿಣದ ಲೇಶವೂ ಇಲ್ಲವೆಂಬುದೇ ಪ್ರಬಂಧದ ತಿರುಳು.

ಪುಡಿಯನ್ನು ಕಾಯಿಸುತ್ತಿದ್ದುದು ಪೀಣ್ಯದ ಲೇತ್ ಶೆಡ್ಡೊಂದರಲ್ಲಿ ಮಾಡಿಸಿದ ಉಕ್ಕಿನ ಪಾತ್ರೆಯಲ್ಲಿ. ಉಕ್ಕು ತಾಗದಂತೆ ಒಳಗೊಂದು ಟೆಫ್ಲಾನ್ ಲೋಟ. ಆ ಲೋಟ ಸೀಳುಬಿಟ್ಟಾಗ ಪಾತ್ರೆಯನ್ನು ರಿಪೇರಿಗೆ ಕೊಟ್ಟಿದ್ದೆ. ಅದು ಮರಳಿದ್ದು ಆಯುಧಪೂಜೆಯ ನಂತರವೆಂದು ನನ್ನ ನೆನಪು. ಆದರೆ ದಿನಚರಿಯ ಪ್ರಕಾರ ಅತ್ಯುತ್ತಮ ಪುಡಿ ತಯಾರಾದದ್ದು ಪೂಜೆಯ ಹಿಂದಿನ ಶುಕ್ರವಾರ. ನಮ್ಮಲ್ಲಿದ್ದುದು ಅದೊಂದೇ ಪಾತ್ರೆ.

ಮರುದಿನವೇ ದಾಸರಹಳ್ಳಿಯಿಂದ ಮೆಟ್ರೊ ಹಿಡಿದು ಶೆಡ್ಡಿಗೆ ಹೋದೆ. ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದರು.

“ತಾರೀಖೆಲ್ಲ ನನ್ನ ಕೇಳ್ಬೇಡಿ ಸಾರ್. ಪೂಜೆ ದಿವ್ಸ ಗಿರಾಕಿಗಳ ಮಾಲಿಗೂ ಕುಂಕುಮ ಇಟ್ಟಿದ್ದೆ. ನಿಮ್ದು ಇಲ್ಲಿರ್ಲಿಲ್ಲ.”

“ಮತ್ತೆಲ್ಲಿತ್ತು?”

“ನೀವೇ ಒತ್ಕೊಂಡ್ ಓದ್ರಲ್ಲ! ಲೋಟ ಮಾಡಕ್ಕೆ ಟೆಫ್ಲಾನ್ ಬಂದಿಲ್ಲ ಅಂದೆ. ಒಂದ್ಸಲಕ್ಕೆ ನಡಿಯುತ್ತೆ, ಬರೀ ಪಾತ್ರೆ ಕೊಡಿ ಅಂದ್ರಿ. ಇಷ್ಟು ಓದಿರೋರೇ ಇಂಗೆ ಮರೆತ್ರೆ ಎಂಗೆ ಸಾರ್?”

ಬರಿಯ ಉಕ್ಕಿನಿಂದ ಕಬ್ಬಿಣ ಪುಡಿಗೆ ಸೇರಿದ್ದರೆ, ನಾವು ಮೆರೆಸಿದ ನೀಲಿ ನಮ್ಮ ತಾಮ್ರದ್ದೇ ಆಗಿರಲಿಕ್ಕಿಲ್ಲ. ಹೊಸ ಲೋಟ ಬಂದ ಮೇಲಿನ ಪುಡಿಗಳು ಸಪ್ಪೆಯಾದದ್ದಕ್ಕೆ ನಾವು ರಾಸಾಯನಿಕದ ಹೊಸ ಬಾಟಲಿಯನ್ನು ದೂರಿದ್ದೆವು.

ಪ್ರಯೋಗಾಲಯಕ್ಕೆ ಬಂದು ಅವಳನ್ನು ಕೇಳಿದೆ.

“ಲೋಟ ಇರ್ಲಿಲ್ಲ ಸಾರ್,” ಎಂದಳು. “ನಾನು ಕೇಳ್ದೆ. ನೀವು ಪರವಾಗಿಲ್ಲ ಅಂದ್ರಿ.”

ಲೋಟವನ್ನು ತೆಗೆದಿಟ್ಟು, ತಾಮ್ರವನ್ನು ಬಿಟ್ಟು ಉಳಿದೆಲ್ಲವನ್ನೂ ಅದೇ ಪಾತ್ರೆಯಲ್ಲಿ ಕಾಯಿಸಿದೆವು. ಅದನ್ನು ಪರೀಕ್ಷಿಸಿದ್ದು ಮಂಗಳವಾರವೆಂದು ನನಗನ್ನಿಸುತ್ತದೆ. ಅವಳ ದಿನಚರಿ ಬುಧವಾರವೆನ್ನುತ್ತದೆ, ಅದನ್ನೇ ನಂಬುತ್ತೇನೆ. ಬಣ್ಣವಿಲ್ಲದ ದ್ರಾವಣಕ್ಕೆ ಅವಳು ಕಾಯಿಸಿದ್ದರ ನಾಲ್ಕು ಹನಿ ಬಿಟ್ಟಳು. ಮೊದಲ ನಿಮಿಷ ಏನೂ ಆಗಲಿಲ್ಲ. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತಳದಲ್ಲಿ ನೀಲಿ ಕಾಣಿಸಿಕೊಂಡಿತು; ನೋಡನೋಡುತ್ತ ಮೇಲೇರಿತು. ನಮ್ಮ ಪುಡಿಯ ನೀಲಿಯಷ್ಟು ಗಾಢವಲ್ಲ, ಆದರೆ ನೀಲಿಯೇ.

“ಈ ತಿಂಗಳು ಥೀಸಿಸ್ ಕೊಡಕ್ಕಾಗಲ್ಲ ಅಲ್ವಾ ಸಾರ್?”

“ಆಗಲ್ಲಮ್ಮ. ಲೋಟವಿಲ್ಲದೆ ಕಾಯಿಸಲು ಹೇಳಿದವನು ನಾನು. ಹಾಗೇ ಬರಿ.”

ಅವಳು ಬರೆದು, ಸಹಿಗಾಗಿ ದಿನಚರಿಯನ್ನು ನನ್ನ ಕಡೆ ತಿರುಗಿಸಿದಳು. ಸಹಿ ಹಾಕಿದೆ.

“ಎಲ್ಲಾ ಮತ್ತೆ ಮಾಡ್ಬೇಕು. ನೀವು ರಿಟೈರ್ ಆಗೋದ್ರೊಳಗೆ ಮುಗಿಯುತ್ತಾ?”

ನಿವೃತ್ತಿಗೆ ಎರಡು ತಿಂಗಳಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ವಾರಗಳನ್ನು ಎರಡು ಸಲ ಎಣಿಸಿದೆ. ಸಾಲುತ್ತಿರಲಿಲ್ಲ. “ಮುಗಿಯಲ್ಲಮ್ಮ,” ಎಂದು ಲೋಟವನ್ನು ಮತ್ತೆ ಪಾತ್ರೆಯೊಳಗಿಟ್ಟೆ.